ಎಕಂಬಾದ ಕಣದಲ್ಲಿ ನಾಲ್ಕು ಭಾಷೆಯ ಪಿಕ್ಚರ್

ಬ್ಯಾಟರಿ ಕೆಳಗೆ ಹಿಡಿದು ನಡೆಯಿರಿ. ತೊಗರಿ ಕೊಯ್ದ ಹೊಲ ಇದು. ಕೂಳೆ ಚೂಪಾಗಿದೆ, ಚಪ್ಪಲಿ ತೂರಿ ಅಂಗಾಲಿಗೆ ನಾಟುತ್ತದೆ. ಎಕಂಬಾದ ಕೊನೆಯ ಮನೆಯ ಬಲ್ಬು ಬೆನ್ನ ಹಿಂದೆ ಉಳಿಯಿತು. ಎದುರಿಗೆ ಕತ್ತಲಲ್ಲಿ ಗುಡ್ಡೆಯಾಗಿ ಕಾಣುತ್ತಿರುವುದೇ ನಮ್ಮ ಬಣವಿ. ಬೆಳಿಗ್ಗೆ ಮಷಿನ್ ಬಂದರೆ ರಾಶಿ, ಅಲ್ಲಿಯವರೆಗೆ ಕಾಯಬೇಕು. ಹಂದಿ ನುಗ್ಗುತ್ತವೆ, ಜನವರಿಯಲ್ಲೂ ಒಮ್ಮೊಮ್ಮೆ ಮೋಡ ಕವಿದು ಹನಿ ಹಾಕುತ್ತದೆ, ವರ್ಷದ ದುಡಿಮೆ ಇಷ್ಟೇ ಜಾಗದಲ್ಲಿ ಬಯಲಿಗೆ ಬಿದ್ದಿರುತ್ತದೆ. ನಿದ್ದೆ ಮಾಡುವಂತಿಲ್ಲ.

ಜೇಬಿನಲ್ಲಿ ಮೊಬೈಲ್ ನಡುಗಿತು. ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ. ನಾವು ಎಲ್ಲಿಗೂ ಹೋಗಿಲ್ಲ, ಔರಾದ್ ತಾಲ್ಲೂಕಿನ ಎರೆಮಣ್ಣಿನ ಮೇಲೇ ನಿಂತಿದ್ದೇವೆ. ಆಚೆಯ ಟವರ್ ಈಚೆಯ ಮೊಬೈಲನ್ನು ಹಿಡಿಯುತ್ತದೆ, ಅಷ್ಟೇ. 1956ರವರೆಗೆ ಉದಗೀರ್, ಅಹ್ಮದಪುರ, ನಿಲಂಗಾ ಎಲ್ಲ ಬೀದರ್ ಜಿಲ್ಲೆಯಲ್ಲೇ ಇದ್ದವು. ಜಹೀರಾಬಾದ್, ನಾರಾಯಣಖೇಡ ಕೂಡ ನಮ್ಮವೇ. ರಾಜ್ಯಗಳ ಮರುವಿಂಗಡಣೆಯಲ್ಲಿ ಅವು ಒಂದೊಂದು ಕಡೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗೆರೆ ಎಳೆದವರು ಬೀಗತನಕ್ಕೆ ಗೆರೆ ಎಳೆಯಲಿಲ್ಲ. ಅತ್ತೆಯ ಮನೆ ಆಚೆ, ತವರು ಈಚೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹೈದರಾಬಾದಿಗೆ ದುಡಿಯಲು ಹೋಗಿ ಬಂದವರ ಬಾಯಲ್ಲಿ ತೆಲುಗು, ದೋಸ್ತರ ನಡುವೆ ದಖನಿ. ಹೀಗಿರುವಾಗ ಇಷ್ಟದ ಸಿನಿಮಾ ಯಾವುದೆಂದು ಕೇಳಿದರೆ ಒಂದೇ ಭಾಷೆಯಲ್ಲಿ ಉತ್ತರ ಬರುವುದು ಹೇಗೆ?

ಕೂಡ್ರಿ. ಕಂಬಳಿ ಆ ಕಡೆ ಇದೆ. ತೊಗರಿ ಕಟ್ಟಿಗೆಯ ಬೆಂಕಿ ಬೇಗ ಹತ್ತುತ್ತದೆ, ಬೇಗ ಆರುತ್ತದೆ, ಯಾರಾದರೊಬ್ಬರು ಒಟ್ಟುತ್ತಲೇ ಇರಬೇಕು. ಕಾಕಾ ಎಳೆ ಜೋಳದ ತೆನೆಗಳನ್ನು ಕೆಂಡದಲ್ಲಿ ಹೊರಳಿಸುತ್ತಿದ್ದಾರೆ. ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಸೀತನಿಯನ್ನು ನಿಮ್ಮ ಕೈಗೆ ಹಾಕುತ್ತಾರೆ. ಜೊತೆಗೆ ಶೇಂಗಾ ಹಿಂಡಿ. ಬಿಸಿ ಇದ್ದಾಗಲೇ ಬಾಯಿಗೆ ಹಾಕಿಕೊಳ್ಳಬೇಕು. ಪಕ್ಕದ ಹೊಲದ ಭಾಯಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಾರೆ. ಬೀದರಿನಲ್ಲಿ ಕಾಲೇಜು ಓದುವ ನನ್ನ ತಮ್ಮನ ಮಗ ಚೀಲಕ್ಕೆ ಮೊಬೈಲ್ ಆನಿಸಿ ನಿಲ್ಲಿಸಿದ್ದಾನೆ. ಅಂಗೈಯಷ್ಟಗಲದ ಪರದೆಗೆ ಐದು ಜನ.

“ಯಾನ್ ಹಚ್ಚಾಮ್?” ಎನ್ನುತ್ತಾನೆ.

ಕಾಕಾನ ಉತ್ತರ ಎಲ್ಲರಿಗೂ ಗೊತ್ತು. ಶೋಲೆ. 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾದ ಚಿತ್ರ ಈ ಕಡೆ ಬರಲು ಬಹಳ ಕಾಲ ಹಿಡಿಯಿತಂತೆ. ಉದಗೀರದ ಟಾಕೀಸಿಗೆ ಹೋಗಿ ನೋಡಿ, ರಾತ್ರಿ ಆಟ ಮುಗಿಸಿ ನಡೆದು ಬಂದವರು ಕಾಕಾ. ಆಮೇಲೆ ಅದರ ಸಂಭಾಷಣೆಯ ಕ್ಯಾಸೆಟ್ಟು ಮದುವೆ ಮನೆಯ ಲೌಡ್‌ಸ್ಪೀಕರಿನಲ್ಲಿ ಹಾಡಿಗಿಂತ ಹೆಚ್ಚು ಮೊಳಗಿತು. ಅಮ್ಜದ್ ಖಾನ್ ಬಾಯಿ ತೆರೆಯುವ ಮೊದಲೇ ಭಾಯಿ ಮುಂದಿನ ಮಾತನ್ನು ದಖನಿಯ ರಾಗದಲ್ಲಿ ಹೇಳಿ ಮುಗಿಸುತ್ತಾರೆ.

ನನಗೆ ಶೋಲೆಯಲ್ಲಿ ಬೇಕಾದದ್ದು ಬೇರೆ. ಹುಡುಗನಿಗೆ ಮುಂದಕ್ಕೆ ಓಡಿಸು ಎನ್ನುತ್ತೇನೆ. ಇಲ್ಲಿ ನಿಲ್ಲಿಸು. ಸಂಜೆ ಕತ್ತಲಾಗುತ್ತಿದೆ. ಠಾಕೂರನ ಮನೆಯ ಪಡಸಾಲೆಯಲ್ಲಿ ಬಿಳಿ ಸೀರೆಯ ರಾಧಾ ಒಂದೊಂದೇ ದೀಪ ಸಣ್ಣ ಮಾಡುತ್ತ ನಡೆಯುತ್ತಾಳೆ. ಕೆಳಗೆ ಮೆಟ್ಟಿಲ ಮೇಲೆ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ಮಾತಿಲ್ಲ. ಆ ಮಸುಕು ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುವಂಥದ್ದು, ಅದಕ್ಕಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಮತ್ತು ನಿರ್ದೇಶಕ ರಮೇಶ್ ಸಿಪ್ಪಿ ದಿನಗಟ್ಟಲೆ ಕಾದರು. ಕಾದದ್ದು ಎಲ್ಲಿ? ನಮ್ಮದೇ ರಾಮನಗರದ ಬಂಡೆಗಳ ನಡುವೆ. ಡಕಾಯಿತರ ಚಿತ್ರದೊಳಗೆ ಹೀಗೊಂದು ವಿಧವೆಯ ಮೌನವನ್ನು ಇಟ್ಟವರನ್ನು ನಾನು ಕುದುರೆ ಓಡಿಸಿದವರಿಗಿಂತ ಹೆಚ್ಚು ಗೌರವಿಸುತ್ತೇನೆ. ಕಾಕಾ ಒಪ್ಪುವುದಿಲ್ಲ. ಅವರಿಗೆ ರೈಲಿನ ಹೊಡೆದಾಟವೇ ಬೇಕು.

ಬೆಂಕಿಗೆ ಒಂದು ಹಿಡಿ ಕಟ್ಟಿಗೆ ಹಾಕಿ. ಈಗ ನನ್ನ ಸರದಿ. ಭಕ್ತ ಕುಂಬಾರ.

1974ರ ಹುಣಸೂರು ಕೃಷ್ಣಮೂರ್ತಿಗಳ ಚಿತ್ರ. ರಾಜ್‌ಕುಮಾರ್ ಗೋರಾ ಕುಂಬಾರನಾಗಿದ್ದಾರೆ. ಕರ್ನಾಟಕದ ಬೇರೆ ಕಡೆ ಇದು ಒಳ್ಳೆಯ ಭಕ್ತಿಚಿತ್ರ, ಪಿ.ಬಿ. ಶ್ರೀನಿವಾಸರ ಕಂಠದ ಹಾಡುಗಳಿಗಾಗಿ ನೆನಪಾಗುವಂಥದ್ದು. ಇಲ್ಲಿ ಅದು ನೆರೆಯ ಊರಿನ ಕಥೆ. ಗೋರಾನ, ಅಂದರೆ ಗೋರೋಬಾ ಕಾಕಾನ, ತೇರ್ ಗ್ರಾಮ ಲಾತೂರ್ ದಾಟಿದರೆ ಸಿಗುತ್ತದೆ, ಇವತ್ತಿನ ಧಾರಾಶಿವ್ ಜಿಲ್ಲೆಯಲ್ಲಿ. ಆಷಾಢ ಬಂದರೆ ನಮ್ಮ ಜಿಲ್ಲೆಯ ದಿಂಡಿಗಳು ತಾಳ ಹಿಡಿದು ಪಂಢರಪುರದ ದಾರಿ ತುಳಿಯುತ್ತವೆ. ಜ್ಞಾನೇಶ್ವರರು ವಿಠ್ಠಲನನ್ನು ಕನ್ನಡಿಗನೆಂದೇ ಹಾಡಿದವರು. ಆ ವಿಠ್ಠಲನ ಮರಾಠಿ ಭಕ್ತನಾಗಿ ಕನ್ನಡದ ನಟ ಬದುಕಿ ತೋರಿಸಿದ್ದಾನೆ ಎಂದರೆ, ಈ ಕಣದಲ್ಲಿ ಕೂತವರಿಗೆ ಅದು ಮನೆಯ ಸಂಗತಿ.

ನೋಡಿ, ಆ ದೃಶ್ಯ ಬಂತು. ಗೋರಾ ಮಣ್ಣು ತುಳಿಯುತ್ತಿದ್ದಾನೆ. ಪಾದ ಏಳುತ್ತದೆ, ಕೆಸರಿನೊಳಗೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಕಣ್ಣು ಮುಚ್ಚಿದೆ, ಬಾಯಲ್ಲಿ ವಿಠ್ಠಲನ ನಾಮ. ಅಂಬೆಗಾಲಿಡುತ್ತ ಮಗು ಬರುತ್ತಿದೆ. ಇಲ್ಲಿಗೆ ಬಂದಾಗ ನಮ್ಮ ಮನೆಯಲ್ಲಿ ಅವ್ವ ಯಾವಾಗಲೂ ಟಿ.ವಿ. ಬಿಟ್ಟು ಎದ್ದು ಒಳಗೆ ಹೋಗುತ್ತಿದ್ದಳು. ಕಥೆ ಗೊತ್ತು, ಕೊನೆಗೆ ಪಂಢರಪುರದಲ್ಲಿ ತುಳಿತಕ್ಕೆ ಸಿಕ್ಕ ಮಗು ಮರಳಿ ಬರುತ್ತದೆ, ಗೋರಾ ಕತ್ತರಿಸಿಕೊಂಡ ಕೈಗಳೂ ಬರುತ್ತವೆ ಎಂಬುದೂ ಗೊತ್ತು. ಆದರೂ ಅವಳು ಕೂರುತ್ತಿರಲಿಲ್ಲ. ರಾಜ್‌ಕುಮಾರ್ ಮುಖದಲ್ಲಿ ಆ ಹೊತ್ತಿನಲ್ಲಿರುವುದು ನಟನೆಯ ಶ್ರಮವಲ್ಲ, ಪೂರ್ತಿ ಮೈಮರೆವು. ಅದು ಅಷ್ಟು ನಿಜವಾಗಿರುವುದರಿಂದಲೇ ಮುಂದೆ ನಡೆಯುವುದು ತಡೆಯಲಾಗುವುದಿಲ್ಲ. ಭಕ್ತಿ ಎಂದರೆ ಹೂವು ಕರ್ಪೂರ ಮಾತ್ರವಲ್ಲ, ಅದರಲ್ಲಿ ಭಯಂಕರವಾದದ್ದೂ ಇದೆ ಎಂದು ಹೇಳುವ ಧೈರ್ಯ ಈ ಚಿತ್ರಕ್ಕಿದೆ. ಎಷ್ಟೋ ಭಕ್ತಿಚಿತ್ರಗಳಲ್ಲಿ ದೇವರು ಬೇಗ ಪ್ರತ್ಯಕ್ಷನಾಗಿಬಿಡುತ್ತಾನೆ. ಇಲ್ಲಿ ಆತ ತಡಮಾಡುತ್ತಾನೆ, ಆ ತಡವೇ ಚಿತ್ರದ ಬಲ.

ಭಾಯಿ ಚಹಾ ಸುರಿಯುತ್ತಾರೆ. ಅವರ ಕಣ್ಣೂ ಪರದೆಯ ಮೇಲೇ ಇದೆ.

ಕಾಕಾ ಬಂಗಾರದ ಮನುಷ್ಯನ ಮಾತು ತೆಗೆದರು. ರೈತರು ಕೂತ ಕಡೆ ಆ ಮಾತು ಬಾರದೆ ಇರುವುದಿಲ್ಲ. ಸಿದ್ದಲಿಂಗಯ್ಯನವರು ಟಿ.ಕೆ. ರಾಮರಾಯರ ಕಾದಂಬರಿಯನ್ನು ಹಿಡಿದು 1972ರಲ್ಲಿ ಮಾಡಿದ ಈ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಇದನ್ನು ನೋಡಿ ಪೇಟೆ ಬಿಟ್ಟು ಊರಿಗೆ ಮರಳಿ ನೇಗಿಲು ಹಿಡಿದ ಹುಡುಗರ ಮಾತನ್ನು ಕನ್ನಡ ನಾಡು ಇವತ್ತಿಗೂ ಆಡುತ್ತದೆ. ಬಂಡೆ ಸಿಡಿಸಿ ಹೊಲ ಮಾಡುವ ರಾಜೀವನನ್ನು ನೋಡಿ ಕಾಕಾ ತಲೆದೂಗುತ್ತಾರೆ, ಆದರೆ ಒಂದು ಮಾತು ಸೇರಿಸುತ್ತಾರೆ: “ನಮ್ಮಲ್ಲಿ ಭೂಮಿ ಬಂಗಾರನೇ ಅದ. ಮಳಿ, ರೇಟು ಎರಡು ನಮ್ಮ ಕೈಯಾಗ ಇಲ್ಲ.” ದುಡಿದರೆ ಭೂಮಿತಾಯಿ ಕೈಬಿಡುವುದಿಲ್ಲ ಎಂಬ ಆ ಚಿತ್ರದ ನಂಬಿಕೆ ಎಷ್ಟು ಚೆಂದವೋ, ತೊಗರಿಯ ಧಾರಣೆ ಕುಸಿದ ವರ್ಷ ಅದನ್ನು ನೋಡುವುದು ಅಷ್ಟೇ ಕಷ್ಟ. ಆದರೆ ಅದರ ಕೊನೆಯನ್ನು ಯಾವ ವರ್ಷವಾದರೂ ನೋಡಬಹುದು. ಊಟದ ಎಲೆಯ ಮುಂದೆ ಕೂತ ಮನುಷ್ಯ, ತಾನೇ ಸಾಕಿ ಬೆಳೆಸಿದ ಅಕ್ಕನ ಮಗನಿಂದ ಚುಚ್ಚುಮಾತು ಕೇಳಿ, ಒಂದು ಮಾತೂ ತಿರುಗಿ ಆಡದೆ ಎದ್ದು ಹೋಗುವುದು. ಮೇಲೆ ಬಿದ್ದು ಜಗಳವಾಡುವ ನಾಯಕರನ್ನು ನೋಡಿ ಬೆಳೆದ ಹುಡುಗ ಕೇಳುತ್ತಾನೆ, “ಯಾಕ್ ಸುಮ್ನ ಹೋದ?” ಕಾಕಾ ಉತ್ತರ ಕೊಡುವುದಿಲ್ಲ. ಹೊಲ ಹಂಚಿಕೊಂಡ ಮನೆಗಳಲ್ಲಿ ಬದುಕಿದವರಿಗೆ ಆ ಉತ್ತರ ಗೊತ್ತು.

ಹೆದರಿಸುವ ಚಿತ್ರಗಳಲ್ಲಿ ನನ್ನದು ತುಂಬಾಡ್, 2018ರದು. ಎಡೆಬಿಡದ ಮಳೆ, ಹಾಳು ವಾಡೆ, ಬಂಗಾರದ ಆಸೆ. ಅದನ್ನು ಕತ್ತಲ ಹೊಲದಲ್ಲಿ ಹಚ್ಚುವುದು ಬೇಡ ಎಂದು ಹುಡುಗನೇ ತಡೆಯುತ್ತಾನೆ, ಸರಿ. ನಗಿಸುವುದರಲ್ಲಿ ಭಾಯಿಯ ಮಾತೇ ಅಂತಿಮ: ಕುಂಟಾ ನಿಕ್ಕಿಲ್ ಮಾಡಿದ ದಿ ಅಂಗ್ರೇಜ್. ಚಾರ್‌ಮಿನಾರ್ ಸುತ್ತಲಿನ ಇಸ್ಮಾಯಿಲ್ ಭಾಯ್ ಮತ್ತು ಸಲೀಂ ಫೇಕು ಮಾತಾಡುವುದು ಬೀದರಿನ ಗಲ್ಲಿಗಳಲ್ಲಿ ಕೇಳುವ ಅದೇ ದಖನಿ. ಅದರ ಸಿ.ಡಿ. ಕೈಯಿಂದ ಕೈಗೆ ಓಡಾಡಿದ ಕಾಲದಲ್ಲಿ ಭಾಯಿ ಅದನ್ನು ಸವೆಯುವವರೆಗೆ ನೋಡಿದ್ದಾರೆ. ಪರದೆಯ ಮೇಲೆ ತನ್ನ ಬಾಯಿಮಾತು ಕೇಳಿದ ಸಂತೋಷ ಅವರ ಮುಖದಲ್ಲಿ ಈಗಲೂ ಇದೆ. ಈ ಸಂತೋಷವನ್ನು ನೆನಪಿಟ್ಟುಕೊಳ್ಳಿ, ಅದರ ಮಾತಿಗೆ ಮತ್ತೆ ಬರುತ್ತೇನೆ.

ಈಗ ಹುಡುಗನ ಸರದಿ. ಕೇಳುವುದೇ ಬೇಡ, ಸೈರಾಟ್.

2016ರ ಬೇಸಿಗೆಯಲ್ಲಿ ಈ ಗಡಿಯ ಹುಡುಗರು ಅದರ ಹಾಡಿಗೆ ಕುಣಿದದ್ದು ಹೇಗೆಂದು ಕಂಡವರಿಗೇ ಗೊತ್ತು. ಅಜಯ್–ಅತುಲ್ ಸಂಗೀತ ಟ್ರ್ಯಾಕ್ಟರುಗಳಲ್ಲಿ, ಬಾರಾತಿನಲ್ಲಿ, ಗಣಪತಿ ಮೆರವಣಿಗೆಯಲ್ಲಿ. ಸೋಲಾಪುರ ಜಿಲ್ಲೆಯ ಕರ್ಮಾಳಾ ಸೀಮೆಯವರೇ ಆದ ನಾಗರಾಜ್ ಮಂಜುಳೆ ತಮ್ಮ ಊರಿನ ಹೊಲ, ಬಾವಿ, ಬಾಳೆತೋಟದ ನಡುವೆಯೇ ಚಿತ್ರ ತೆಗೆದರು. ಪಾಟೀಲನ ಮಗಳು ಆರ್ಚಿ ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸಿಕೊಂಡು ಮೀನುಗಾರರ ಮಗ ಪರ್ಶ್ಯಾನ ಮನೆಗೇ ಬರುತ್ತಾಳೆ. ರಿಂಕು ರಾಜಗುರು ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ಹುಡುಗಿಯೊಬ್ಬಳು ಆ ಠೀವಿಯಲ್ಲಿ ಸ್ಟಿಯರಿಂಗ್ ಹಿಡಿದದ್ದನ್ನು ನೋಡಿ ನಮ್ಮ ಓಣಿಯ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆ ನಗೆಯಲ್ಲಿ ಅಚ್ಚರಿಗಿಂತ ಆಸೆ ಹೆಚ್ಚಿತ್ತು.

ನನ್ನ ಸೈರಾಟ್ ಶುರುವಾಗುವುದು ಹಾಡುಗಳು ಮುಗಿದ ಮೇಲೆ. ಓಡಿಹೋದ ಜೋಡಿ ಇಳಿಯುವುದು ಹೈದರಾಬಾದಿನಲ್ಲಿ. ಇಲ್ಲಿಂದ ಎಷ್ಟು ಜನ ಗಾರೆ ಕೆಲಸಕ್ಕೆ, ಕಾವಲಿಗೆ, ಹೋಟೆಲ್ಲಿಗೆ ಅದೇ ಊರಿಗೆ ಹೋಗಿದ್ದಾರೆ! ತಗಡಿನ ಕೋಣೆ, ಸಾಲುಗಟ್ಟಿದ ಪಾಯಖಾನೆಯ ನಾತ, ಅರ್ಥವಾಗದ ತೆಲುಗು. ಪಾಟೀಲನ ಮನೆಯಲ್ಲಿ ಬೆಳೆದ ಹುಡುಗಿ ಅಲ್ಲಿ ಅತ್ತು, ರೇಗಿ, ನಿಧಾನಕ್ಕೆ ತೆಲುಗು ಕಲಿತು, ಕಾರ್ಖಾನೆಯಲ್ಲಿ ದುಡಿದು ಮನುಷ್ಯಳಾಗಿ ನಿಲ್ಲುತ್ತಾಳೆ. ಕೈಹಿಡಿಯುವವಳು ದೋಸೆ ಅಂಗಡಿಯ ಸುಮನ್ ಅಕ್ಕ. ಪ್ರೇಮಚಿತ್ರಗಳು ಸಾಮಾನ್ಯವಾಗಿ ಓಡಿಹೋಗುವುದರಲ್ಲಿ ಮುಗಿಯುತ್ತವೆ. ಇದು ಓಡಿಹೋದ ಮೇಲೆ ಅಕ್ಕಿ ಯಾರು ತರುತ್ತಾರೆ ಎಂದು ಕೇಳುತ್ತದೆ.

ಆ ಕೊನೆ ಬಂತು. ತವರಿನಿಂದ ಒಡಹುಟ್ಟಿದವನು ಬಂದಿದ್ದಾನೆ, ಉಡುಗೊರೆ ತಂದಿದ್ದಾನೆ. ಆರ್ಚಿ ಚಹಾ ಮಾಡುತ್ತಾಳೆ. ನೆರೆಯವಳ ಜೊತೆ ಹೋಗಿದ್ದ ಮಗು ತಿರುಗಿ ಬರುತ್ತದೆ. ಇಲ್ಲಿಂದ ಸದ್ದೇ ಇಲ್ಲ. ಮೊಬೈಲಿನ ಸ್ಪೀಕರ್ ಕೆಟ್ಟಿತೇನೋ ಎಂದು ನೀವು ಬಗ್ಗಿ ನೋಡಿದಿರಿ. ಕೆಟ್ಟಿಲ್ಲ. ಎರಡೂವರೆ ಗಂಟೆಗೂ ಹೆಚ್ಚು ಕಾಲ ನಮ್ಮನ್ನು ಕುಣಿಸಿದ ನಿರ್ದೇಶಕ ಈಗ ಎಲ್ಲ ಶಬ್ದವನ್ನೂ ಕಿತ್ತುಕೊಂಡಿದ್ದಾನೆ. ಮಗುವಿನ ಕೆಂಪು ಪಾದದ ಗುರುತು ಹೊರಗೆ ನಡೆದು ಹೋಗುತ್ತದೆ.

ಇದನ್ನು ಕನ್ನಡದಲ್ಲಿ 2017ರಲ್ಲಿ ಎಸ್. ನಾರಾಯಣ್ ಮನಸು ಮಲ್ಲಿಗೆ ಎಂದು ಮಾಡಿದರು, ರಿಂಕು ಅವರೇ ನಾಯಕಿ. ಮರುವರ್ಷ ಹಿಂದಿಯಲ್ಲಿ ಧಡಕ್ ಬಂತು. ನನ್ನ ಅಭಿಪ್ರಾಯ ನೇರ: ಕಥೆ ತರಬಹುದು, ಕರ್ಮಾಳಾದ ಮಣ್ಣು ತರಲಾಗುವುದಿಲ್ಲ. ಆ ಮಣ್ಣೇ ಸೈರಾಟ್.

ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕಾಕಾ ಎದ್ದು ಬಣವಿಯ ಸುತ್ತ ಒಂದು ಸುತ್ತು ಹಾಕಿ ಬರುತ್ತಾರೆ. ಚಳಿ ಏರಿದೆ, ಕಂಬಳಿಯ ಮೇಲೆ ಇಬ್ಬನಿಯ ತೇವ. ಇಂಥ ಹೊತ್ತಿಗೆ ತಿಥಿ ಸರಿ.

ರಾಮ್ ರೆಡ್ಡಿ ಮಂಡ್ಯದ ನೊದೆಕೊಪ್ಪಲಿನ ಸುತ್ತ, ನಟನೆಯ ಅನುಭವವಿಲ್ಲದ ಹಳ್ಳಿಗರನ್ನೇ ಪಾತ್ರ ಮಾಡಿಸಿ ತೆಗೆದ ಚಿತ್ರ. ಜೊತೆಗೆ ಕೂತು ಬರೆದವರು ಈರೇಗೌಡ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ತಂದಿತು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನೆಲ್ಲ ಬೈಯುತ್ತ ಕೂತವನು ಎದ್ದು ನಾಲ್ಕು ಹೆಜ್ಜೆ ಹೋಗಿ ಬಿದ್ದು ಸಾಯುತ್ತಾನೆ. ಹನ್ನೊಂದು ದಿನದ ಕಥೆ. ಮೊಮ್ಮಗನಿಗೆ ಹೊಲ ಮಾರಬೇಕು, ಕಾಗದ ಸತ್ತವನ ಹೆಸರಲ್ಲಿದೆ, ನಡುವೆ ಮಗ ಗಡ್ಡಪ್ಪನಿಗೆ ಹೊಲವೂ ಬೇಡ, ಮನೆಯೂ ಬೇಡ. ಪಹಣಿಗಾಗಿ ತಹಸೀಲ್ದಾರ್ ಕಚೇರಿಗೆ ಅಲೆದ ಯಾವ ರೈತನೂ ಈ ಚಿತ್ರವನ್ನು ದೂರದ್ದು ಎನ್ನಲಾರ. ಒಂದು ರಾತ್ರಿ ಕುರಿಗಾಹಿಗಳ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಹೆಂಡತಿಯ ಮತ್ತು ಅಪ್ಪನ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳುತ್ತಾನೆ. ದನಿ ಏರುವುದಿಲ್ಲ, ಕಣ್ಣೀರಿಲ್ಲ. ಅಷ್ಟು ಹೊತ್ತು ನಗುತ್ತಿದ್ದ ನಮಗೆ ಈ ಮನುಷ್ಯ ಯಾಕೆ ನಡೆಯುತ್ತಲೇ ಇರುತ್ತಾನೆ ಎಂದು ಆಗ ತಿಳಿಯುತ್ತದೆ. ಕನ್ನಡದ ಕಳೆದ ಹತ್ತಿಪ್ಪತ್ತು ವರ್ಷಗಳಲ್ಲಿ ನಾನು ಎತ್ತಿಟ್ಟುಕೊಳ್ಳುವ ಒಂದೇ ದೃಶ್ಯವಿದ್ದರೆ ಅದು ಇದು.

ಇದರ ಪಕ್ಕಕ್ಕೇ ಬಲಗಂ ಇಡುತ್ತೇನೆ. ವೇಣು ಯೆಲ್ದಂಡಿ 2023ರಲ್ಲಿ ಮಾಡಿದ ತೆಲಂಗಾಣದ ಚಿತ್ರ. ಅಲ್ಲೂ ಅಜ್ಜ ಸಾಯುತ್ತಾನೆ, ಅಲ್ಲೂ ಹನ್ನೊಂದು ದಿನ. ಇಟ್ಟ ಪಿಂಡವನ್ನು ಕಾಗೆ ಮುಟ್ಟುವುದಿಲ್ಲ. ಯಾಕೆಂದರೆ ಮನೆಯವರು ಒಂದಾಗಿಲ್ಲ. ಮುರಿದುಕೊಂಡದ್ದಾದರೂ ಯಾತಕ್ಕೆ? ಎಷ್ಟೋ ವರ್ಷದ ಹಿಂದೆ ಊಟಕ್ಕೆ ಕೂತಾಗ ಅಳಿಯನ ಎಲೆಗೆ ಮೂಳೆಯ ತುಂಡು ಬೀಳಲಿಲ್ಲ ಎಂಬ ಮುನಿಸಿಗೆ. ನಮ್ಮ ಕಡೆಯ ಬೀಗರ ಜಗಳಗಳೂ ಇಂಥವೇ. ಕೊನೆಗೆ ಮೊಗಿಲಯ್ಯ, ಕೊಮುರಮ್ಮ ಎಂಬ ಜನಪದ ಗಾಯಕ ದಂಪತಿ ಸತ್ತವನ ಪರವಾಗಿ ಮನೆಮಂದಿಗೆ ಹಾಡಿ ಹೇಳುವಾಗ ಅಣ್ಣ, ತಮ್ಮ, ತಂಗಿ ಒಬ್ಬರನ್ನೊಬ್ಬರು ಹಿಡಿದು ಅಳುತ್ತಾರೆ. ತೆಲಂಗಾಣದ ಊರೂರುಗಳಲ್ಲಿ ಬಯಲಿಗೆ ಪರದೆ ಕಟ್ಟಿ ಇದನ್ನು ತೋರಿಸಿದರು, ಜನ ಚಾಪೆ ಹಾಸಿಕೊಂಡು ಕೂತು ಅತ್ತರು. ತಿಥಿ ಸಾವಿನ ಮನೆಯಲ್ಲಿ ನಗಿಸಿ ಒಳಗೊಳಗೆ ಕೊರೆಯುತ್ತದೆ, ಬಲಗಂ ತೆರೆದು ಅಳಿಸುತ್ತದೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ತಿಥಿಯ ಕಡೆ. ಕಾಕಾ ಬಲಗಂ ಕಡೆ. ಭಾಯಿ ಕೂಡ.

ಪೂರ್ವಕ್ಕೆ ಸ್ವಲ್ಪ ಬೆಳಕು ಕಾಣಿಸುವ ಮೊದಲು ಒಂದು ಮಾತು ಹೇಳಬೇಕು. ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರಲ್ಲಿ ಬಂದಾಗ ನಾನು ಅದನ್ನು ಮಕ್ಕಳ ಚಿತ್ರವೆಂದು ನೋಡಲಿಲ್ಲ, ನಮ್ಮಂಥವರ ಚಿತ್ರವೆಂದು ನೋಡಿದೆ. ಗಡಿಯಾಚೆ ಉಳಿದ ಕನ್ನಡ ಶಾಲೆ, ಕನ್ನಡ ಬಾರದ ಮಾಸ್ತರ, ಶಾಲೆ ಉಳಿಸಿಕೊಳ್ಳಲು ಓಡಾಡುವ ಮಕ್ಕಳು, ಅವರ ಪರ ನಿಲ್ಲುವ ಅನಂತನಾಗ್. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಅದರಲ್ಲಿ ಮಕ್ಕಳು ಆಡುವುದು ಕಾಸರಗೋಡಿನದೇ ಕನ್ನಡ. ತಿಥಿಯಲ್ಲಿ ಮಂಡ್ಯದ್ದೇ ಮಾತು. ಸಂತ ಶಿಶುನಾಳ ಶರೀಫದಲ್ಲಿ ನಾಗಾಭರಣರು ಧಾರವಾಡ ಸೀಮೆಯ ಮಾತನ್ನು ತುಂಬಿದರು. ಒಂದು ಮೊಟ್ಟೆಯ ಕಥೆಯಲ್ಲಿ ರಾಜ್ ಬಿ. ಶೆಟ್ಟಿ ಮಂಗಳೂರಿನ ಮಾತನ್ನು ಹಾಗೆಯೇ ಇಟ್ಟರು. ದಖನಿಗೆ ಅಂಗ್ರೇಜ್ ಇದೆ, ಕರ್ಮಾಳಾಕ್ಕೆ ಸೈರಾಟ್ ಇದೆ, ತೆಲಂಗಾಣಕ್ಕೆ ಬಲಗಂ ಇದೆ.

ಈ ಕಣದಲ್ಲಿ ರಾತ್ರಿಯಿಡೀ ನಾವು ಆಡಿದ ಕನ್ನಡ ನೀವು ಕೇಳಿದಿರಿ. ಅದು ರಾಜೀವನ ಬಾಯಲ್ಲಿಲ್ಲ, ಗಡ್ಡಪ್ಪನ ಬಾಯಲ್ಲಿಲ್ಲ. ನನ್ನ ಮೆಚ್ಚಿನ ಪಟ್ಟಿಯಲ್ಲಿ ಆ ಜಾಗ ಖಾಲಿ ಇದೆ. ಕಥೆಗೆ ಬರ ಇಲ್ಲ. ಹೈದರಾಬಾದಿಗೆ ಬಸ್ಸು ಹತ್ತುವ ಜೋಡಿಗಳಿದ್ದಾರೆ, ಆಚೆ ಕೊಟ್ಟ ಹೆಣ್ಣುಮಕ್ಕಳಿದ್ದಾರೆ, ಪಂಢರಪುರಕ್ಕೆ ನಡೆಯುವ ಮುದುಕರಿದ್ದಾರೆ, ದೇವಣಿ ಎತ್ತು ಮಾರಲಾಗದೆ ಸಂತೆಯಿಂದ ತಿರುಗಿ ಬರುವವರಿದ್ದಾರೆ, ತೊಗರಿ ಕಾಯುವ ನಾವಿದ್ದೇವೆ. ಬೆಂಗಳೂರಿನಿಂದ ಏಳುನೂರು ಕಿಲೋಮೀಟರ್ ದೂರ ಎಂಬುದು ಕಾರಣವಾಗಬಾರದು. ತೇರಿನ ಕುಂಬಾರನ ಮನೆಗೆ ಬರಲು ಕನ್ನಡ ಸಿನಿಮಾಕ್ಕೆ 1974ರಲ್ಲೇ ಸಾಧ್ಯವಾಗಿತ್ತು.

ತಮ್ಮನ ಮಗ ಈಗ ಅದೇ ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುವ ಮಾತಾಡುತ್ತಿದ್ದಾನೆ. ಕಾಕಾನನ್ನೇ ಪಾತ್ರ ಮಾಡುತ್ತಾನಂತೆ, ಬಾಯಿಮಾತು ತಿದ್ದುವುದಿಲ್ಲವಂತೆ. ಅವನಿಗೆ ನಾನು ಹೇಳಿದ್ದನ್ನೇ ಕ್ಯಾಮೆರಾ ಹಿಡಿದ ಎಲ್ಲರಿಗೂ ಹೇಳುತ್ತೇನೆ: ಔರಾದ್ ಬಸ್ಸು ಹತ್ತಿ ಬನ್ನಿ, ಎಕಂಬಾದಲ್ಲಿ ಇಳಿಯಿರಿ, ನಮ್ಮ ಕನ್ನಡದಲ್ಲೇ ಒಂದು ಚಿತ್ರ ಮಾಡಿ. ಉಳಿಯಲು ಮನೆ, ಉಣ್ಣಲು ಜೋಳದ ರೊಟ್ಟಿ ನಾವು ಕೊಡುತ್ತೇವೆ.